ಒಂದೇ ಪುಟ್ಟೀಲಿ ಬೀಜ, ಗೊಬ್ಬರ

"ಅಜ್ಜಾ, ಮೆಕ್ಕೆಜೋಳಕ್ಕೆ ಜೀವಾಣು ಗೊಬ್ಬರಾನೂ ಕೊಟ್ಟೆ, ಡಿಎಪಿ, ಯೂರಿಯಾ ಅಂತ ಸರ್ಕಾರಿ ಗೊಬ್ಬರಾನೂ ಹಾಕ್ದೆ. ಪೈರು ಏಳ್ಲೇ ಇಲ್ಲ. ಎರಡ್ರಲ್ಲಿ ಯಾವುದನ್ನ ಬಿಡ್ಲಿ?" ಅಂತ ಹಾಲಸ್ವಾಮಿ ಕೇಳ್ದ. ಬೇಸಾಯ ಕಲೀತೀನಿ ಅಂತ ಬೇರೆ ಊರಿಂದ ಬಂದು ಎರಡು ವಾರದಿಂದ ನನ್ನ ಹಿಂದೆ ಬಿದ್ದೋನು. ನನ್ನನ್ನ ಬಿಟ್ಟು ಇನ್ಯಾರನ್ನ ಕೇಳ್ತಾನೆ? ಕೂತ್ಕೊಳೋ ಅಂದು ಹೇಳ್ದೆ.

ಒಬ್ಬ ರೈತ ಇದ್ದ. ಗಟ್ಟಿ ಆಳು. ಯಾರ ಮಾತೂ ಕೇಳೋನಲ್ಲ. ಅವನ ಹೆಂಡ್ತಿಗೆ ತವರಿಂದ ಬಂದ ಎರಡೆಕರೆ ಹೊಲ ಇತ್ತು. ಅವಳು ಜೀವಾಣು ಗೊಬ್ಬರದ ಪೊಟ್ಟಣ ತಂದ್ಲು. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ ನೆರಳಲ್ಲಿ ಆರಿಸಿದ್ಲು. ಸರ್ಕಾರಿ ಗೊಬ್ಬರ ಕಾಲು ಭಾಗ ಕಮ್ಮಿ ಮಾಡಿದ್ಲು.

ನಮ್ಮ ಕಡೆ ಬಿತ್ತೋವಾಗ ಒಬ್ಬಳು ಸಾಲಿಗೆ ಬೀಜ ಹಾಕ್ತಾ ಮುಂದೆ ಹೋಗ್ತಾಳೆ. ಇನ್ನೊಬ್ಬಳು ಬೀಜಕ್ಕೆ ಮೂರು ಬೆರಳು ದೂರದಲ್ಲಿ ಗೊಬ್ಬರ ಹಾಕ್ತಾ ಹಿಂದೆ ಬರ್ತಾಳೆ. ಆವತ್ತು ಹಿಂದೆ ಬರೋಳು ಬರ್ಲಿಲ್ಲ. ಮೋಡ ಕವಿದಿತ್ತು. ರೈತ ಬೀಜ, ಡಿಎಪಿ ಎರಡನ್ನೂ ಒಂದೇ ಪುಟ್ಟಿಗೆ ಸುರಿದು ಕಲಸಿಬಿಟ್ಟ.

"ಅಯ್ಯೋ, ಬೀಜಕ್ಕೆ ಸವರಿರೋದು ಜೀವ ಕಣ್ರೀ. ಡಿಎಪಿ ತಾಗಿದ್ರೆ ಸುಟ್ಟೋಗುತ್ತೆ. ಕುದಿಯೋ ಹಾಲಿಗೆ ಹೆಪ್ಪು ಹಾಕ್ತಾರಾ? ನನ್ನ ಹಿಂದೆ ನೀವು ಬನ್ನಿ" ಅಂದ್ಲು.

"ನಾನು? ಪುಟ್ಟಿ ಸೊಂಟಕ್ಕಿಟ್ಕೊಂಡು ನಿನ್ನ ಹಿಂದೆ? ಊರು ನಗಲ್ವೇನೇ?" ಅಂದ.

ಅರ್ಧ ಬೀಜ ಹುಟ್ಲಿಲ್ಲ. ಹುಟ್ಟಿದ್ದು ಹಳದಿಗಟ್ತು. ಪೊಟ್ಟಣದ್ದೇ ತಪ್ಪು ಅಂತ ರೈತ ಊರೆಲ್ಲಾ ಸಾರಿದ. ಹೆಂಡ್ತಿ ಜಗಳ ಆಡ್ಲಿಲ್ಲ. ಮುಂದಿನ ಮುಂಗಾರಿಗೆ ಒಂದೇ ಮಾತು ಕೇಳಿದ್ಲು. "ಈ ಸಲ ನನ್ನ ಹಿಂದೆ ನೀವು ಬರ್ತೀರೋ, ಇಲ್ಲಾ ಹೊಲಾನ ನನ್ ತಮ್ಮನಿಗೆ ಪಾಲಿಗೆ ಕೊಡ್ಲೋ?"

ಹೊಲ ಕೈತಪ್ಪುತ್ತೆ ಅಂದಾಗ ರೈತ ಪುಟ್ಟಿ ಸೊಂಟಕ್ಕೇರಿಸ್ದ. ಊರೋರ ಕಣ್ಣೆದುರಿಗೇ ಮೂರು ಬೆರಳು ದೂರ ಬಿಟ್ಟು ಗೊಬ್ಬರ ಹಾಕ್ತಾ ಅವಳ ಹಿಂದೆ ನಡೆದ. ಆ ವರ್ಷ ತೆನೆ ಅಂದ್ರೆ ತೆನೆ, ತುದೀವರೆಗೂ ಕಾಳು. ಗೊಬ್ಬರ ಕಮ್ಮಿ ಹಾಕಿ ಜಾಸ್ತಿ ಬೆಳೆದ.

"ಅಂದ್ರೆ ಎರಡೂ ಬೇಕು, ಒಂದಕ್ಕೊಂದು ತಾಗಬಾರ್ದು, ಅಷ್ಟೇ ತಾನೆ?" ಅಂದ ಹಾಲಸ್ವಾಮಿ. ಆಮೇಲೆ ಕಿಸಕ್ಕಂತ ನಕ್ಕ. "ಆದ್ರೂ ಹೆಂಡ್ತಿ ಹಿಂದೆ ನಡೆದೋನು ಊರಲ್ಲಿ ತಲೆ ಎತ್ತಿರಲ್ಲ ಬಿಡಜ್ಜ."

"ಯಾಕೋ ಎತ್ತಬಾರ್ದು ಮಂಕೇ? ಹದಿನೆಂಟು ಮುಂಗಾರಿಂದ ನಮ್ಮೋಳ ಹಿಂದೆ ಪುಟ್ಟಿ ಹಿಡ್ಕೊಂಡೇ ನಡೀತಿದೀನಿ, ನನ್ನಂಥ ತೆನೆ ತೆಗೆದೋನು ಈ ಸೀಮೇಲಿ ಒಬ್ಬನ್ನ ತೋರ್ಸು."