ಮೇಣದ ಕಿವಿ

“ಗುರುಗಳೇ, ನನಗೆ ಸಹನೆಯಿಲ್ಲವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಒಂದು ವರ್ಷ ನಿಮ್ಮನ್ನೇ ನೋಡಿ ನೋಡಿ ಸಹನೆ ಕಲಿತೆ. ಈಗ ನನ್ನಲ್ಲಿರುವ ಉಳಿದ ಯಾವ ಗುಣವನ್ನು ಕಂಡರೂ ನನಗೆ ಆಗುವುದಿಲ್ಲ. ಏಕೆ ಹೀಗೆ?” ಎಂದು ಶಿಷ್ಯ ಅಡವಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಕ್ಕಸಾಲಿಗನಿದ್ದ. ಊರಿನ ಹೆಂಗಸರ ಕಿವಿಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಅವನ ಮಗಳಿಗೆ ಹುಟ್ಟುವಾಗಲೇ ಬಲಗಿವಿ ಇರಲಿಲ್ಲ. ಊರಿಗೆಲ್ಲ ಜೋಡಿ ಓಲೆ ಮಾಡಿಕೊಡುವ ಕೈಯಿಂದಲೇ ಮಗಳಿಗೆ ಒಂಟಿ ಓಲೆ ತೊಡಿಸಬೇಕಾಗಿತ್ತು.

ಶಸ್ತ್ರವೈದ್ಯನೊಬ್ಬ ಪಕ್ಕೆಲುಬಿನ ತುದಿಯ ಮೆದು ಎಲುಬನ್ನು ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದೊಳಗೆ ಹುದುಗಿಸಿ ಹೊಸ ಕಿವಿ ಕಟ್ಟುತ್ತಾನೆಂಬ ಸುದ್ದಿ ಬಂತು. ಮಗಳಿಗೆ ಹತ್ತು ತುಂಬಿದ ಮೇಲೆ ಅಕ್ಕಸಾಲಿಗ ಅವಳನ್ನು ಕರೆದುಕೊಂಡು ಹೋದ. ವೈದ್ಯ ಅವಳ ಎಡಗಿವಿಯ ಮೇಲೆ ತೆಳು ಕಾಗದವಿಟ್ಟು ಗೆರೆ ಎಳೆಯತೊಡಗಿದ. ಅಕ್ಕಸಾಲಿಗ ತಡೆದ.

ಅವನ ಕಸುಬಿನಲ್ಲಿ ಒಂದು ರೂಢಿಯಿತ್ತು. ಯಾರಾದರೂ ಒಂದು ಓಲೆ ಕಳೆದುಕೊಂಡು ಬಂದಾಗ, ಉಳಿದದ್ದು ಒಡ್ಡೊಡ್ಡಾಗಿದ್ದರೆ ಅದಕ್ಕೆ ಜೋಡಿ ಮಾಡುತ್ತಿರಲಿಲ್ಲ. ಅದನ್ನೂ ಕರಗಿಸಿ ಹೊಸ ಜೋಡಿಯನ್ನೇ ಮಾಡುತ್ತಿದ್ದ.

“ಪಂಡಿತರೇ, ಇವಳ ಎಡಗಿವಿ ಅಗಲವಾಯಿತು, ಹಾಲೆಯೂ ಗಿಡ್ಡ. ಇದನ್ನು ನೋಡಿ ಕೆತ್ತಬೇಡಿ,” ಎಂದವನೇ ತಾನು ಮೇಣದಲ್ಲಿ ತಿದ್ದಿ ತಂದಿದ್ದ ಕಿವಿಯನ್ನು ಮುಂದಿಟ್ಟ.

“ಚೆನ್ನಾಗಿದೆ ಆಚಾರ್ರೇ. ಆದರೆ ನಾನು ಜೋಡಿ ಮಾಡಬೇಕಾದ್ದು ಅವಳ ಕಿವಿಗೆ,” ಎಂದ ವೈದ್ಯ.

ಅಕ್ಕಸಾಲಿಗ ಹಟ ಬಿಡಲಿಲ್ಲ. ವೈದ್ಯ ಹೇಳಿ ಹೇಳಿ ಸಾಕಾಗಿ ಒಪ್ಪಿದ. ಮಗಳನ್ನು ಯಾರೂ ಕೇಳಲಿಲ್ಲ.

ಅವಳು ಪಕ್ಕೆಯ ನೋವು ನುಂಗಿಕೊಂಡಳು. ಕೆಲವು ತಿಂಗಳ ನಂತರ ವೈದ್ಯ ಮತ್ತೊಮ್ಮೆ ಶಸ್ತ್ರ ಹಿಡಿದು, ಆ ಕಿವಿಯನ್ನು ತಲೆಯಿಂದ ಎತ್ತಿ ನಿಲ್ಲಿಸಿದ. ಗಾಯ ಮಾಗಿತು. ಮೇಣದ ಕಿವಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಕ್ಕಸಾಲಿಗ ಹಿಗ್ಗಿ ಹೀರೇಕಾಯಿಯಾಗಿ ಮಗಳ ಕೈಗೆ ಕನ್ನಡಿ ಕೊಟ್ಟ.

ಮಗಳು ಬಲಕ್ಕೆ ತಿರುಗಿ ನೋಡಿಕೊಂಡಳು. ಎಡಕ್ಕೆ ತಿರುಗಿ ನೋಡಿಕೊಂಡಳು. ಆಮೇಲೆ, ಹುಟ್ಟಿದಂದಿನಿಂದ ತನ್ನದಾಗಿದ್ದ ಎಡಗಿವಿಯನ್ನು ಬೆರಳುಗಳಲ್ಲಿ ಹಿಡಿದು ಕೇಳಿದಳು:

“ಅಪ್ಪಾ, ಇದನ್ನ ಯಾವಾಗ ಕೊಯ್ಸ್ತೀಯ?”



ಇಷ್ಟು ಹೇಳಿ ಗುರುಗಳು ಶಿಷ್ಯನನ್ನು ಕೇಳಿದರು:

“ನಿನ್ನ ಎಡಗಿವಿ ನಿನ್ನಲ್ಲೇ ಇರುವಾಗ, ನಿನ್ನ ಸಹನೆಗೆ ಅಳತೆ ತೆಗೆಯಲು ನನ್ನ ಬಳಿ ಏಕೆ ಬಂದೆ, ಅಡವಯ್ಯ?”