ಸೋಯಾ ಬೆಂದ ಪಾತ್ರೆ

ಶ್ರಾವಣದಲ್ಲಿ ಬಾಡೂಟವಿಲ್ಲವಲ್ಲ, ಹಾಗಾಗಿ ಪುಟ್ಟಚೆನ್ನಮ್ಮ ಬಾಡಿನ ಮಡಕೆಯನ್ನು ಅಡುಗೆಮನೆಯ ಅಟ್ಟಕ್ಕೇರಿಸಿದ್ದರು. ಅದೇ ವಾರ ಸೊಸೆ ಸೋಯಾ ಉಂಡೆ ತಂದು, ಚಕ್ಕೆ ಲವಂಗ ಅರೆದು, ಥೇಟ್ ಬಾಡಿನ ಸಾರನ್ನೇ ಮಾಡಲು ಹೊರಟಳು ನೋಡಿ.

“ಆ ಮಸಾಲೆ ನನ್ನದು. ನನ್ನನ್ನು ಇಳಿಸಿ,” ಎಂದಿತು ಮಡಕೆ.

“ಬೇಯುವುದು ಕಾಳು. ಅದು ನನ್ನ ಕೆಲಸ, ನೀನು ಅಲ್ಲೇ ಕೂತಿರು,” ಎಂದಿತು ಬೇಳೆಕಾಳಿಗೂ ಶುಕ್ರವಾರದ ಪಾಯಸಕ್ಕೂ ಮೀಸಲಾದ ಪಾತ್ರೆ.

ಕೊನೆಗೆ ಎರಡೂ ಸೋಯಾವನ್ನೇ ಕೇಳಿದವು.

“ಹೊಲದಲ್ಲಿ ಕಾಳು ಅಂದರು, ಪೊಟ್ಟಣದ ಮೇಲೆ ವೆಜ್ ಮಟನ್ ಅಂತ ಬರೆದರು. ನಾನು ಯಾರೆಂದು ನನಗೇ ತಿಳಿಯದು ಸ್ವಾಮಿ,” ಎಂದಿತು ಅದು.

ಸೊಸೆ ಪಾಯಸದ ಪಾತ್ರೆಯನ್ನೇ ಒಲೆಗಿಟ್ಟಳು. ಸಾರು ಘಮಘಮ ಕುದಿಯಿತು. ಪುಟ್ಟಚೆನ್ನಮ್ಮ ಒಳಗೆ ಬಂದವರೇ, “ಇದರಲ್ಲಿ ಇನ್ನು ದೇವರಿಗೆ ಪಾಯಸ ಮಾಡೋಕಾಗುತ್ತೇನೇ?” ಎಂದರು.

“ಬರೀ ಕಾಳು, ಅತ್ತೆ.”

“ಕಾಳಾದರೆ ನನ್ನ ಬಾಯಲ್ಲಿ ಯಾಕೆ ನೀರೂರಿತು?”

ಊಟವಾದ ಮೇಲೆ ಪಾತ್ರೆಯೂ ಅಟ್ಟ ಸೇರಿತು.

“ನಾನು ಬಾಡು ಮುಟ್ಟೇ ಇಲ್ಲ,” ಎಂದು ಅದು ಗೋಳಾಡಿತು.

ಮಡಕೆ ಸರಿದು ಜಾಗ ಕೊಟ್ಟಿತು. “ನನ್ನನ್ನು ಶ್ರಾವಣ ಕಳೆದ ಮೇಲೆ ಇಳಿಸುತ್ತಾರೆ. ನಿನ್ನನ್ನು ಯಾವ ತಿಂಗಳು ಕಳೆದ ಮೇಲೆ ಇಳಿಸುತ್ತಾರೆ?”