ಗುಂಡಿಗೆಯ ಬಾಗಿಲಲ್ಲಿ ಕೂತ ಅಂಟವ್ವ

ಲೋಕ ಆಗಿನ್ನೂ ಹೊಸದು. ಹೊಳೆಗೆ ಎತ್ತ ಹರಿಯಬೇಕು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಆ ಹೊಳೆಯಲ್ಲಿ ಬೆರಳುದ್ದದ ಒಂದು ಪಟ್ಟೆಮೀನು ಹುಟ್ಟಿತು.

ಮೀನಿನ ಬೆನ್ನಿನ ದಿಬ್ಬದಲ್ಲಿ ಒಂದು ದೊಡ್ಡ ಸಂಸಾರವಿತ್ತು. ಎಲ್ಲರೂ ಕಣ್ಣಿಗೆ ಕಾಣದಷ್ಟು ಪುಟ್ಟವರು. ಕೆಲಸ ಹುಡುಕಿಕೊಂಡು ಒಬ್ಬೊಬ್ಬರೇ ಮೈಯೊಳಗೆ ಇಳಿದರು. ಅಕ್ಕಂದಿರು ಚರ್ಮಕ್ಕೆ ಹೋಗಿ ಕಪ್ಪು ಪಟ್ಟೆಗಳಾದರು. ಅವರಿಗೇನು, ನೋಡಿದವರೆಲ್ಲ ಹೊಗಳುವವರೇ! ಅಣ್ಣಂದಿರು ನರಗಳಾಗಿ ಗುಂಡಿಗೆಯ ಹತ್ತಿರ ಬಿಡಾರ ಹೂಡಿದರು. ಅಪಾಯ ಬಂದಾಗ ‘ಓಡು’ ಎಂದು ಗುಂಡಿಗೆಗೆ ಕೂಗಿ ಹೇಳುವುದು ಅವರ ಕೆಲಸ.

ಕೊನೆಯವಳು ಅಂಟವ್ವ. ಕೈಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿದ್ದಳು, ಅದಕ್ಕೇ ಆ ಹೆಸರು. ಗುಂಡಿಗೆಯಿಂದ ರಕ್ತ ಹೊರಡುವ ಬಾಗಿಲಿಗೆ ಬಂದು ಕೂತಳು. ಒಂದು ಕೈಯಲ್ಲಿ ಈ ಅಣ್ಣನನ್ನು ಹಿಡಿದಳು, ಇನ್ನೊಂದು ಕೈಯಲ್ಲಿ ಆ ಅಣ್ಣನನ್ನು.

ಅಣ್ಣಂದಿರಿಗೆ ರೇಗಿತು.

“ನಾವು ಗಂಟಲು ಹರ್ಕೊಂಡು ಕೂಗ್ತೀವಿ. ನೀನು ಮಾಡೋ ಕೆಲಸ ಏನಮ್ಮಾ?” ಎಂದ ದೊಡ್ಡಣ್ಣ.

“ಹಿಡ್ಕೊಂಡಿದೀನಿ,” ಎಂದಳು ಅಂಟವ್ವ.

“ಅದೂ ಒಂದು ಕೆಲಸಾನಾ? ಕೈಕಾಲು ಚಾಚೋಕೂ ಬಿಡಲ್ಲ. ಎದ್ದು ಹೋಗು!”

ಅಂಟವ್ವನಿಗೆ ಅಳು ಬಂತು. ತನ್ನ ಕೆಲಸವನ್ನು ಬಿಡಿಸಿ ಹೇಳಲು ಅವಳಿಗೂ ಬರುತ್ತಿರಲಿಲ್ಲ. ಕೈ ಬಿಟ್ಟು, ಬೆನ್ನಿನ ದಿಬ್ಬಕ್ಕೆ ವಾಪಸ್ ಹೋಗಿ ಮುಖ ತಿರುಗಿಸಿ ಕೂತಳು.

ಅಣ್ಣಂದಿರು ಬಳ್ಳಿಯ ಹಾಗೆ ಗುಂಡಿಗೆಯ ಮೇಲೆಲ್ಲ ಹಬ್ಬಿಕೊಂಡರು. ಮಧ್ಯಾಹ್ನ ಕೊಕ್ಕರೆ ಬಂತು. “ಓಡು!” ಗುಂಡಿಗೆ ಓಡಿತು, ಮೀನು ತಪ್ಪಿಸಿಕೊಂಡಿತು. ಕೊಕ್ಕರೆ ಹೋಯಿತು. ಆದರೂ “ಓಡು!” ಒಂದು ಎಲೆ ಬಿತ್ತು. “ಓಡು!” ಏಡಿ ಆಕಳಿಸಿತು. “ಓಡು!”

“ಯಾಕೋ ಮರಿ, ಇಷ್ಟೊಂದು ಏದುಸಿರು? ಕೊಕ್ಕರೆ ಹೋಗಿ ಎಷ್ಟೋ ಹೊತ್ತಾಯ್ತು,” ಎಂದಿತು ಹೊಳೆ.

ಮೀನು ಏದುಸಿರು ಬಿಡುತ್ತಲೇ ಅತ್ತಿತ್ತ ಓಡಾಡಿತು. ಎರಡು ದಿನ ಒಂದು ಹುಳವನ್ನೂ ತಿನ್ನಲಿಲ್ಲ. ಮೂರನೆಯ ದಿನ ಮರಳಿನ ಮೇಲೆ ಪಕ್ಕಕ್ಕೆ ಒರಗಿಬಿಟ್ಟಿತು.

ಗುಂಡಿಗೆ ತೊದಲಿತು: “ಆ ಕಿರಿಯವಳು ಎಲ್ಲಿ? ಅವಳಿದ್ದಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂಚೂರು ಸುಧಾರಿಸ್ಕೊಳ್ತಿದ್ದೆ. ಇನ್ನು ನನ್ನ ಕೈಲಾಗಲ್ಲ.”

ದೊಡ್ಡಣ್ಣನಿಗೆ ಆಗ ಹೆದರಿಕೆಯಾಯಿತು. ಮೀನೇ ಸತ್ತರೆ ನರವೆಲ್ಲಿ, ಪಟ್ಟೆಯೆಲ್ಲಿ? ಅವನು ದಿಬ್ಬದ ತನಕ ಏರಿ ಹೋಗಿ ತಂಗಿಯ ಮುಂದೆ ನಿಂತ.

“ತಪ್ಪಾಯ್ತು ಕಣಮ್ಮಾ. ಬಾ.”

“ಎದ್ದು ಹೋಗು ಅಂದಾಗ ನಂಗೆ ಎಷ್ಟು ನೋವಾಯ್ತು ಗೊತ್ತಾ?” ಎಂದಳು ಅಂಟವ್ವ.

ಅಣ್ಣ ತಲೆ ತಗ್ಗಿಸಿದ. ಕೆಳಗೆ ಗುಂಡಿಗೆ ಒದ್ದಾಡುವುದು ಅವಳಿಗೂ ಕೇಳಿಸುತ್ತಿತ್ತು. ಕೋಪವೇನೋ ಇತ್ತು, ಆದರೆ ಕೂತಿರಲಾಗಲಿಲ್ಲ. ಇಳಿದು ಬಂದಳು.

ಬಾಗಿಲಲ್ಲಿ ಕೂತು, ಹಬ್ಬಿಕೊಂಡಿದ್ದ ಅಣ್ಣಂದಿರನ್ನು ಒಬ್ಬೊಬ್ಬರನ್ನಾಗಿ ಹಿಂದಕ್ಕೆಳೆದಳು. “ಕೊಕ್ಕರೆ ಬಂದ್ರೆ ಕೂಗಿ, ಬೇಡ ಅನ್ನಲ್ಲ. ಅದು ಹೋದ್ಮೇಲೆ ಬಾಯಿ ಮುಚ್ಕೊಳ್ಳಿ,” ಎಂದಳು.

ಬಡಿತ ಇಳಿಯಿತು. ಮೀನು ಬಾಲ ಅಲ್ಲಾಡಿಸಿತು. ಸ್ವಲ್ಪ ಹೊತ್ತಿಗೆ ಎದ್ದು ಒಂದು ಹುಳ ನುಂಗಿತು.

ಆಮೇಲೆ ಯಾರೂ ಅವಳನ್ನು ಏಳು ಎನ್ನಲಿಲ್ಲ. ಮುಂದೆ ಹುಟ್ಟಿದ ಗುಂಡಿಗೆಗಳಿಗೂ ಅಂಟವ್ವನ ಮನೆತನದವರೇ ಕಾವಲು.

ಮೀನಿನ ಪಟ್ಟೆ ನಿನಗೆ ಕಾಣುತ್ತದೆ, ಅಂಟವ್ವ ಕಾಣುವುದಿಲ್ಲ. ಆದರೆ ಮುಟ್ಟಾಟ ಆಡಿ, ಓಡಿ ಬಂದು ಕೂತಾಗ ಎದೆಯ ಮೇಲೆ ಕೈಯಿಟ್ಟು ನೋಡು: ಮೊದಲು ಡಬಡಬ ಎನ್ನುವ ಗುಂಡಿಗೆ, ನೀನು ಏನೂ ಹೇಳದಿದ್ದರೂ, ತಾನಾಗಿ ನಿಧಾನವಾಗುತ್ತದಲ್ಲ, ಅದು ನಿನ್ನೊಳಗಿನ ಅಂಟವ್ವ ಇವತ್ತಿಗೂ ಅಣ್ಣಂದಿರ ಕೈ ಹಿಡಿದುಕೊಂಡೇ ಕೂತಿರುವುದರಿಂದ.